ಬಣ್ಣದ ಮೋರಿ ಹರಿಯುತ್ತಿದ್ದ ಬೀದಿ

ಮೋರಿಯ ಮೇಲೆ ಯಾರಿಗಾದರೂ ಮೋಹ ಹುಟ್ಟುತ್ತದೆಯೇ ಎಂದು ನಗಬೇಡಿ. ನನಗೆ ಹುಟ್ಟಿದೆ. ಈಗ ನನಗೆ ಕಲ್ಯಾಣದುರ್ಗದಲ್ಲಿ ಕೆಲಸ. ಹುಟ್ಟಿದ ಊರು, ಅಮ್ಮನ ಕೈಯೂಟ, ಒಂದಕ್ಕೂ ಕೊರತೆಯಿಲ್ಲ. ಆದರೂ ಬೆಳಿಗ್ಗೆ ಚಪ್ಪಡಿ ಎತ್ತಿಸಿ ಬಗ್ಗಿ ನೋಡಿ, ಕೆಳಗೆ ಬರೀ ಬೂದು ನೀರು ಕಂಡರೆ ಮನಸ್ಸು ಸಪ್ಪಗಾಗುತ್ತದೆ. ಇಲ್ಲಿ ಹೋಟೆಲುಗಳ ಎಣ್ಣೆ, ಗಾಡಿ ತೊಳೆಯುವವರ ಗ್ರೀಸು. ನಾನು ನೋಟಿಸು ಕೊಡುತ್ತೇನೆ, ಅವರು ಬೆನ್ನ ಹಿಂದೆ ಬೈಯುತ್ತಾರೆ, ಆಮೇಲೆ ಎಣ್ಣೆ ಹಿಡಿಯುವ ತೊಟ್ಟಿ ಕಟ್ಟಿಸುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ಅದರಲ್ಲಿ ರುಚಿಯಿಲ್ಲ.

ಇದಕ್ಕೆ ಮೊದಲು ನಾನು ಕೆಲಸ ಮಾಡುತ್ತಿದ್ದ ಹಿಂದೂಪುರದ ಆ ಬೀದಿಯ ಮೋರಿ ಹೀಗಿರಲಿಲ್ಲ. ಅದು ಬೆಳಿಗ್ಗೆ ಹಳದಿ, ಮಧ್ಯಾಹ್ನ ಕೆಂಪು, ಸಂಜೆಗೆ ಕಡುನೀಲಿ. ಬೀದಿಯ ಕೊನೆಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆಯೊಂದಿತ್ತು. ಬಣ್ಣಗಾರರು ಯಾವಾಗಲೂ ತೆಳು ಬಣ್ಣದಿಂದ ಶುರುಮಾಡಿ ಗಾಢ ಬಣ್ಣದಲ್ಲಿ ಮುಗಿಸುತ್ತಾರೆ. ಕಪ್ಪು ಹಾಕಿದ ತೊಟ್ಟಿಯಲ್ಲಿ ಹಳದಿ ಹಾಕಲು ಬರುವುದಿಲ್ಲವಲ್ಲ! ಹಾಗಾಗಿ ಆ ಬೀದಿಯವರಿಗೆ ಗಡಿಯಾರವೇ ಬೇಕಿರಲಿಲ್ಲ. ‘ಹಳದಿ ಹೋಗಿ ಕೆಂಪು ಬಂದ್ಬುಡ್ತು, ಇನ್ನೂ ಅಕ್ಕಿ ತೊಳ್ದಿಲ್ವೇನೇ?’ ಎಂದು ಅತ್ತೆ ಸೊಸೆಯನ್ನು ಗದರುವುದನ್ನು ನಾನೇ ಕೇಳಿದ್ದೇನೆ. ಚಪ್ಪಡಿಗಳ ನಡುವೆ ಅಲ್ಲಲ್ಲಿ ಬಾಯಿ ತೆರೆದ ಜಾಗಗಳಿದ್ದವು. ಜನ ಅಲ್ಲಿ ಇಣುಕಿ ಹೊತ್ತು ನೋಡುತ್ತಿದ್ದರು.

ಆ ಗಡಿಯಾರವನ್ನು ನಿಲ್ಲಿಸಲು ಪುರಸಭೆ ಕಳಿಸಿದವಳು ನಾನು. ಆಂಧ್ರದಲ್ಲಿ ವಾರ್ಡಿಗೊಂದರಂತೆ ಇರುವ ಸರ್ಕಾರಿ ಕಚೇರಿಗೂ ಸಚಿವಾಲಯವೆಂದೇ ಹೆಸರು, ಅಲ್ಲಿ ನನ್ನದು ನೈರ್ಮಲ್ಯದ ಕೆಲಸ. ನನ್ನ ಹುದ್ದೆಗೆ ಸರ್ಕಾರ ಉದ್ದನೆಯ ಹೆಸರಿಟ್ಟಿದೆ, ಜನ ಮಾತ್ರ ‘ಮೋರಿ ಮೇಡಂ’ ಎಂದು ಚಿಕ್ಕದಾಗಿ ಕರೆದರು. ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಯಾರಾದರೂ ಬರೀ ಮೇಡಂ ಎಂದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನಿಸತೊಡಗಿತು.

ನಿಯಮ ಕಷ್ಟದ್ದೇನಲ್ಲ. ಸಾರ್ವಜನಿಕ ಮೋರಿಗೆ ಬಿಡುವ ನೀರು ಕುದಿಯುವಂತಿರಬಾರದು, ಆಸಿಡ್ಡೂ ಹೆಚ್ಚಿರಬಾರದು, ಸೋಡಾವೂ ಹೆಚ್ಚಿರಬಾರದು. ಅದನ್ನು ನೋಡಲು ನನ್ನ ಚೀಲದಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಕಾಗದದ ಪುಸ್ತಕವಿತ್ತು. ಒಂದು ಪಟ್ಟಿ ಹರಿದು ನೀರಿಗೆ ಅದ್ದಿದರೆ ಆಸಿಡ್ಡಿಗೆ ಕೆಂಪಗಾಗುತ್ತದೆ, ಸೋಡಾಕ್ಕೆ ನೀಲಿಯಾಗುತ್ತದೆ, ಹದವಾಗಿದ್ದರೆ ಹಸಿರು. ಅನುಮಾನ ಬಂದರೆ ಕ್ಯಾನಿನಲ್ಲಿ ಸ್ಯಾಂಪಲ್ ಹಿಡಿದು ಅನಂತಪುರದ ಲ್ಯಾಬಿಗೆ ಕಳಿಸಬೇಕು. ಎರಡು ಸಲ ಕೆಟ್ಟದ್ದು ಬಂದರೆ ಆ ಮನೆಯ ಪೈಪಿನ ಬಾಯಿಗೆ ಸಿಮೆಂಟು.

ಮೊದಲ ದಿನ ಬಣ್ಣದ ಮನೆಗೆ ಹೋದಾಗ ಯಜಮಾನರು ತಾಮ್ರದ ತೊಟ್ಟಿಯ ಮುಂದೆ ನಿಂತಿದ್ದರು. ಅರವತ್ತರ ಹತ್ತಿರದ ಮನುಷ್ಯ, ಮೊಣಕೈವರೆಗೆ ಗುಲಾಬಿ ಬಣ್ಣ. ಬಿದಿರು ಕೋಲಿಗೆ ರೇಷ್ಮೆ ಲಡಿಗಳನ್ನು ನೇತುಹಾಕಿ ತೊಟ್ಟಿಯಲ್ಲಿ ತಿರುವಿ ತಿರುವಿ ಅದ್ದುತ್ತಿದ್ದರು. ನನ್ನ ಕೊರಳಿನ ಗುರುತಿನ ಚೀಟಿ ನೋಡಿ ನಕ್ಕರು.

‘ಯಾವೂರಮ್ಮ ನಿಂದು?’

‘ಕಲ್ಯಾಣದುರ್ಗ.’

‘ಯಾರ ಪೈಕಿ?’

‘ಮಗ್ಗದೋರ ಪೈಕಿ. ನಮ್ಮಪ್ಪ ಸೀರೆ ನೇಯ್ತಾರೆ.’

‘ಹಂಗನ್ನು ಮತ್ತೆ! ನಾನು ನಿಂಗೆ ಮಾವ ಆಗ್ಬೇಕು ಕಣಮ್ಮ. ಮಾವನ ಮನೆ ಪೈಪಿಗೇ ನೋಟಿಸ್ ತಂದಿದೀಯಲ್ಲಾ, ಇದು ನ್ಯಾಯವಾ?’

‘ನ್ಯಾಯ ಅಲ್ಲ ಮಾವ, ರೂಲ್ಸು’ ಎಂದೆ. ಒಳಗೆ ನೂಲು ಸುತ್ತುತ್ತಿದ್ದ ಅವರ ಹೆಂಡತಿ ಕಿಸಕ್ಕನೆ ನಕ್ಕರು. ಅಂದಿನಿಂದ ಅವರು ನನಗೆ ಮಾವ, ಆಕೆ ಅತ್ತೆ.

ಸಂಬಂಧ ಕಟ್ಟಿದ ಮಾತ್ರಕ್ಕೆ ನಾನು ಬಿಡುವವಳಲ್ಲ. ನೂಲಿನ ಅಂಟು ಬಿಡಿಸಲು ಸೋಪು, ಸೋಡಾ ಹಾಕಿ ಕುದಿಸಿದ ನೀರನ್ನು ಮಾವ ಹಾಗೇ ಬಿಸಿಬಿಸಿಯಾಗಿ ಮೋರಿಗೆ ಬಿಡುತ್ತಿದ್ದರು. ಅದು ಆರಲು ಹಿತ್ತಿಲಲ್ಲಿ ಒಂದು ತೊಟ್ಟಿ ಕಟ್ಟಿಸುವಷ್ಟರಲ್ಲಿ ನನಗೂ ಅವರಿಗೂ ತಿಂಗಳುಗಟ್ಟಲೆ ಜಗಳವಾಯಿತು. ಜಗಳವೆಂದರೆ ದಿನಾ ಚಹಾ ಕುಡಿದು ಆಡುವ ಜಗಳ. ‘ಇವತ್ತು ಬೇಡ, ಹೋಯ್ತೀನಿ’ ಎಂದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತು ಲೋಟ ಕೈಗಿಡುತ್ತಿದ್ದರು. ಆಕೆ ತೊಟ್ಟಿಯ ಕೋಣೆಯೊಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ನೂಲು ಸುತ್ತುವುದು, ಒಣಹಾಕುವುದು ಹೆಂಗಸರದು, ತೊಟ್ಟಿ ಗಂಡಸಿನದು ಎಂಬುದು ಆ ಮನೆಯ ಕಟ್ಟಳೆ. ಹೊರಗಿನವಳಾದ ನಾನು ಒಳಗೆ ಹೋಗಬಹುದು, ಮೂವತ್ತು ವರ್ಷ ಬಾಳಿದ ಆಕೆ ಹೋಗಬಾರದು. ಹೇಳಿದರೆ ಮಾವ, ‘ಅದು ನಿನ್ ರೂಲ್ಸ್ ಪುಸ್ತಕದಾಗೆ ಐತಾ?’ ಎನ್ನುತ್ತಿದ್ದರು.

ಆ ಮನೆಯಲ್ಲಿ ನಾನು ಕಂಡ ದೊಡ್ಡ ಸೋಜಿಗ ಮಾವನ ನಾಲಗೆ. ರೇಷ್ಮೆಗೆ ಬಣ್ಣ ಹಿಡಿಯಬೇಕಾದರೆ ತೊಟ್ಟಿಗೆ ಒಂದಿಷ್ಟು ಆಸಿಡ್ ಬೇಕು. ಕಡಿಮೆಯಾದರೆ ಬಣ್ಣ ಹತ್ತುವುದಿಲ್ಲ, ಹೆಚ್ಚಾದರೆ ಒಂದೇ ಸಲ ಮುತ್ತಿಕೊಂಡು ಮಚ್ಚೆಮಚ್ಚೆಯಾಗುತ್ತದೆ. ಎಷ್ಟು ಹಾಕಬೇಕೆಂದು ಮಾವ ಅಳತೆ ನೋಡುತ್ತಿರಲಿಲ್ಲ. ಬೆರಳು ಅದ್ದಿ, ನಾಲಗೆಯ ತುದಿಗೆ ಮುಟ್ಟಿಸಿ, ತುಪ್ಪೆಂದು ಉಗುಳಿ ಬಾಯಿ ಮುಕ್ಕಳಿಸುತ್ತಿದ್ದರು. ಅವರಪ್ಪ ಹುಣಸೆಹುಳಿಯ ಕಾಲದಲ್ಲಿ ಹಾಗೆ ಕಲಿಸಿದ್ದರಂತೆ.

‘ಇದೇನು ಗೊಜ್ಜಾ ಮಾವ, ರುಚಿ ನೋಡೋಕೆ? ವಿಷ ಇದು!’ ಎಂದು ನಾನು ಕೂಗಾಡುತ್ತಿದ್ದೆ.

‘ನಿನ್ ಪೇಪರ್ ಹಾಕು ನೋಡಾಣ, ಯಾರ್ದು ಸರಿ ಅಂತ.’

ಹಾಕುತ್ತಿದ್ದೆ. ಅವರು ‘ಇನ್ನೊಂದೀಟು ಬೇಕು’ ಎಂದ ದಿನ ಪಟ್ಟಿಯೂ ಅದನ್ನೇ ಹೇಳುತ್ತಿತ್ತು. ‘ಸರಿ ಐತೆ’ ಎಂದ ದಿನ ಅದರ ಬಣ್ಣ ಒಂದೆಳೆಯೂ ಆಚೀಚೆ ಇರುತ್ತಿರಲಿಲ್ಲ. ಎಷ್ಟೋ ಸಲ ಪಂದ್ಯ ಕಟ್ಟಿ ಸೋತು, ನಾನೇ ಹೋಗಿ ಬಿಸಿ ಮೆಣಸಿನಕಾಯಿ ಬಜ್ಜಿ ತಂದುಕೊಟ್ಟಿದ್ದೇನೆ. ‘ಆಸಿಡ್ ಸುರಿಯೋನು ಬಣ್ಣಗಾರ ಅಲ್ಲ ಕಣಮ್ಮ, ಅವಸರಗಾರ’ ಎನ್ನುತ್ತಾ ಬಜ್ಜಿ ತಿನ್ನುತ್ತಿದ್ದರು. ಅವರು ಆಸಿಡ್ ಮಿತವಾಗಿ ಬಳಸುತ್ತಿದ್ದುದರಿಂದಲೇ ಅವರ ಪೈಪಿನ ನೀರು ಬಣ್ಣದ್ದಾದರೂ ಹದದ ಒಳಗಿರುತ್ತಿತ್ತು. ಸುತ್ತಮುತ್ತಲ ನೇಕಾರರೆಲ್ಲ ಅವರಿಗೇ ನೂಲು ಕೊಡುತ್ತಿದ್ದರು. ಆ ಬಜ್ಜಿಯ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಆಮೇಲೆ ಕೊರೊನಾ ಬಂತು. ಎಲ್ಲರ ಮಗ್ಗವೂ ನಿಂತಿತು, ಮೋರಿಯೂ ಬಣ್ಣಗೆಟ್ಟಿತು. ಮಾವ ಹದಿನೈದು ದಿನ ಮಲಗಿ ಎದ್ದರು. ಮತ್ತೆ ತೊಟ್ಟಿ ಒಲೆಯೇರಿ ಚಪ್ಪಡಿಯ ಸಂದಿಯಲ್ಲಿ ಹಳದಿ ನೀರು ಕಂಡ ದಿನ, ಅದನ್ನು ತಡೆಯಬೇಕಾದ ನಾನೇ ನಿಂತು ಸಂತೋಷಪಟ್ಟೆ. ಮೇಲಿನವರಿಗೆ ಗೊತ್ತಾಗಿದ್ದರೆ ನೋಟಿಸು ನನಗೇ ಬರುತ್ತಿತ್ತು.

ಕೆಲವು ತಿಂಗಳು ಕಳೆದ ಮೇಲೆ ಮೋರಿ ಕೆಲಸದಾತ ನನ್ನನ್ನು ಬೀದಿಯಲ್ಲಿ ತಡೆದ. ನನ್ನ ಅಣ್ಣನ ವಯಸ್ಸಿನವನು, ತೆಲುಗು ಮಾತಿನವನು. ಪ್ಯಾಂಟು ಮೇಲೆತ್ತಿ, ‘ಕಾಳ್ಳು ಮಂಟ ಮೇಡಂ’ ಎಂದ. ಕಾಲು ಉರಿಯುತ್ತಿದೆ ಎಂದು. ಬೂಟು ಹರಿದು ಒಳಗೆ ನೀರು ಹೋಗಿತ್ತು. ಪಾದದ ಚರ್ಮ ಕೆಂಪಗೆ ಸುಲಿದು, ಬೆರಳುಗಳ ಸಂದಿಯಲ್ಲಿ ಗುಳ್ಳೆ ಎದ್ದಿದ್ದವು. ನನ್ನ ಸಂತೋಷವೆಲ್ಲ ಅಲ್ಲೇ ಇಳಿಯಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮುಲಾಮು ಕೊಡಿಸಿದೆ, ಹೊಸ ಬೂಟು ಬರುವ ತನಕ ಆ ಬೀದಿಯ ಮೋರಿಗೆ ಇಳಿಯಬೇಡವೆಂದೆ.

ಬಾಯಿ ತೆರೆದ ಜಾಗದಲ್ಲಿ ಬೆಳಗಿನ ಹಳದಿ ನೀರಿಗೆ ಪಟ್ಟಿ ಅದ್ದಿದೆ, ರಕ್ತದಂತೆ ಕೆಂಪಾಯಿತು. ಮಾವನ ಮನೆಯ ಪೈಪಿನ ಬಾಯಲ್ಲಿ ಅದ್ದಿದೆ, ಅಷ್ಟೇ ಕೆಂಪು. ಸ್ಯಾಂಪಲ್ ಕಳಿಸಿದೆ, ಕೆಟ್ಟದ್ದೆಂದು ಬಂತು. ತಿಂಗಳು ಬಿಟ್ಟು ಎರಡನೆಯದು ಕಳಿಸಿದೆ, ಅದೂ ಕೆಟ್ಟಿತು. ಮಾವನನ್ನು ಕೇಳಿದರೆ, ‘ನಿನ್ ಲ್ಯಾಬ್‌ನೋರ್ಗೆ ಕಣ್ಣಿಲ್ಲ’ ಎಂದರು. ಇಬ್ಬರು ನೇಕಾರರು ನೂಲಿನಲ್ಲಿ ಮಚ್ಚೆ ಇದೆಯೆಂದು ಲಡಿ ವಾಪಸು ತಂದದ್ದನ್ನು ನಾನೇ ನೋಡಿದೆ. ‘ಬಣ್ಣದ ಪುಡಿ ಕಂಪ್ನಿಯೋರು ಮೋಸ ಮಾಡ್ತಾವ್ರೆ’ ಎಂದು ಮಾವ ಅವರ ಮೇಲೆಯೇ ರೇಗಿದರು. ಬಣ್ಣ ಚೆನ್ನಾಗಿಲ್ಲ ಎಂದು ಆ ಮನೆಗೆ ಬಂದು ಯಾರೂ ಅದುವರೆಗೆ ಹೇಳಿರಲಿಲ್ಲ.

ಪೈಪು ಮುಚ್ಚಲು ಮೇಸ್ತ್ರಿಯನ್ನು ಕಳಿಸುವ ಮುನ್ನ ಕೊನೆಯದಾಗಿ ಒಂದು ಮಾತು ಹೇಳೋಣವೆಂದು ಒಬ್ಬಳೇ ಹೋದೆ. ಮಾವ ಮೆರೂನ್ ಬಣ್ಣಕ್ಕೆ ತೊಟ್ಟಿ ಸಿದ್ಧ ಮಾಡುತ್ತಿದ್ದರು, ಪುಡಿ ಇನ್ನೂ ಹಾಕಿರಲಿಲ್ಲ. ಬೆರಳು ಅದ್ದಿದರು, ನಾಲಗೆಗೆ ಮುಟ್ಟಿಸಿದರು, ಉಗುಳಿದರು. ‘ಸರಿ ಐತೆ’ ಎಂದರು. ನಾನು ಅದೇ ನೀರಿಗೆ ಅದ್ದಿದ ಪಟ್ಟಿ ಕೆಂಪಾಗಿ ಕೈಯಲ್ಲಿತ್ತು. ಹಠವೋ ಸಿಟ್ಟೋ, ನಾನೂ ಬೆರಳು ಅದ್ದಿ ನಾಲಗೆಗೆ ಇಟ್ಟೆ. ಚುಳ್ಳೆಂದಿತು. ಹಲ್ಲುಗಳೆಲ್ಲ ಜುಮ್ಮೆಂದು ಕಣ್ಣಲ್ಲಿ ನೀರು ಬಂದು, ಓಡಿಹೋಗಿ ಬಾಯಿ ತೊಳೆದುಕೊಂಡೆ. ತಿರುಗಿ ನೋಡಿದರೆ ಮಾವ ಅಲ್ಲೇ ನಿಂತಿದ್ದರು. ಅದೇ ನೀರನ್ನು ಬಾಯಿಗಿಟ್ಟ ಅವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿರಲಿಲ್ಲ.

‘ಮಾವ, ನಿಮ್ಗೆ ಗೊತ್ತಾಗ್ತಿಲ್ವಾ?’ ಎಂದೆ.

ಅವರು ಬಾಗಿಲ ಕಡೆ ನೋಡಿ, ಅತ್ತೆ ಹಿತ್ತಿಲಲ್ಲಿದ್ದಾರೆಂದು ಖಾತ್ರಿ ಮಾಡಿಕೊಂಡು, ಬಾಗಿಲು ಮುಂದೆ ಮಾಡಿದರು.

‘ಆ ಜ್ವರ ಬಂದು ಹೋದಾಗಿಂದ ಏನೂ ಇಲ್ಲ ಕಣಮ್ಮ. ಉಪ್ಪು ಇಲ್ಲ, ಹುಳಿ ಇಲ್ಲ. ಇವತ್ತು ಬತ್ತದೆ, ನಾಳೆ ಬತ್ತದೆ ಅಂತ ಕಾದೆ. ಅಂದಾಜಿನಾಗೆ ಹಾಕ್ತಾ ಇದೀನಿ.’

ನನಗೆ ಸಿಟ್ಟು ಬಂತು. ‘ಒಬ್ಬನ ಕಾಲು ಸುಟ್ಟಿದೆ ಮಾವ. ಚರ್ಮ ಸುಲಿದಿದೆ. ನೀವು ನನಗೆ ಹೇಳಬಾರದಿತ್ತಾ?’ ಅವರಿಗೆ ಅದು ಗೊತ್ತಿರಲಿಲ್ಲ. ಕಾಲಿನ ಸಂಗತಿ ಕೇಳಿ ಅವರು ಒಲೆಯ ಪಕ್ಕದ ಕಲ್ಲಿನ ಮೇಲೆ ಕೂತರು. ನಾನು ಪಟ್ಟಿಯ ಪುಸ್ತಕವನ್ನೇ ಅವರ ಕೈಗಿಟ್ಟು, ಇನ್ನು ಮುಂದೆ ಇದನ್ನು ನೋಡಿ ಹಾಕಿ ಎಂದೆ.

‘ಮಗ್ಗದೋರ ಮುಂದೆ ಕಾಗದ ನೋಡ್ಕಂಡು ಬಣ್ಣ ಹಾಕ್ಲಾ? ನಾಲಗೆ ಸತ್ತೋದ ಬಣ್ಣಗಾರನ ಹತ್ರ ಯಾರ್ ಬತ್ತಾರೆ?’ ಪುಸ್ತಕವನ್ನು ಜೇಬಿಗೆ ತುರುಕಿ ಮತ್ತೆ ಹೇಳಿದರು: ‘ನೀನು ಪೈಪ್ ಮುಚ್ಚು. ನಾನು ರೂಲ್ಸ್ ಮೀರ್ದೆ ಅಂತ ಬರಿ, ದುರಹಂಕಾರ ಅಂತ ಬೇಕಾರೂ ಬರಿ. ನಾಲಗೆ ಹೋಯ್ತು ಅಂತ ಮಾತ್ರ ಯಾರ್ಗೂ ಹೇಳ್ಬ್ಯಾಡ. ಇವಳಿಗಂತೂ ಬ್ಯಾಡವೇ ಬ್ಯಾಡ.’

ಬಿಸಿತುಪ್ಪದ ಹಾಗಾಯಿತು ನನ್ನ ಸ್ಥಿತಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ತಪ್ಪಿತಸ್ಥನಾದರೂ ಪರವಾಗಿಲ್ಲ, ಕೈಲಾಗದವನಾಗಬಾರದು ಎನ್ನುತ್ತಿದ್ದಾರೆ ಈ ಮನುಷ್ಯ. ನಿಯಮ ಉಲ್ಲಂಘನೆ ಎಂದಷ್ಟೇ ಬರೆದೆ. ಅದು ಸುಳ್ಳಲ್ಲ. ಮರುದಿನ ಮೇಸ್ತ್ರಿ ಬಂದು ಪೈಪಿನ ಬಾಯಿಗೆ ಸಿಮೆಂಟು ಮೆತ್ತಿದ. ಬೀದಿಯೆಲ್ಲ ಹೊರಗೆ ಬಂದು ನಿಂತಿತ್ತು. ‘ಮಾವ ಮಾವ ಅಂತ ಚಹಾ ಕುಡ್ದು ಮನೆಗೇ ಬೆಂಕಿ ಇಟ್ಟಳು’ ಎಂದು ಒಬ್ಬಳು ನನಗೆ ಕೇಳಿಸುವಂತೆಯೇ ಅಂದಳು. ಮಾವನೋ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಹಾಗೆ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ‘ಮುನ್ಸಿಪಾಲ್ಟಿನೋರ್ಗೆಲ್ಲ ಹೆದ್ರೋನಲ್ಲ ನಾನು’ ಎಂದು ಸಾರುತ್ತಿದ್ದರು. ಅವರ ಕಣ್ಣು ಒಂದು ಸಲವೂ ನನ್ನ ಕಡೆ ಬರಲಿಲ್ಲ. ಅವತ್ತಿನಷ್ಟು ಒಂಟಿತನ ನನಗೆ ಆ ಊರಲ್ಲಿ ಎಂದೂ ಆಗಿರಲಿಲ್ಲ.

ಭಾನುವಾರ ಊರಿಗೆ ಹೊರಟೆ. ಬಸ್ಸು ಸೋಮಂದೇಪಲ್ಲಿ ದಾಟುವ ತನಕ ಕಿಟಕಿಗೆ ತಲೆಯಾನಿಸಿ ಅಳುತ್ತಲೇ ಇದ್ದೆ. ಯಾರಿಗೂ ಹೇಳಬಾರದೆಂದಿದ್ದರೂ ಕಲ್ಯಾಣದುರ್ಗದ ಮನೆಯಲ್ಲಿ ಅಮ್ಮನ ಮುಂದೆ ಬಾಯಿ ತಡೆಯಲಿಲ್ಲ. ಅಪ್ಪ ಒಳಗೆ ಮಗ್ಗದಲ್ಲಿದ್ದರು, ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

‘ಹೆಂಡ್ರಿಗೆ ಗೊತ್ತಿಲ್ವಂತಾ?’ ಎಂದಳು ಅಮ್ಮ.

‘ಗೊತ್ತಾಗಬಾರದು ಅಂತಾರಮ್ಮ.’

‘ಅಯ್ಯೋ ಪೆದ್ದಿ, ದಿನಾ ಉಪ್ಪು ಹಾಕೋಳು ಅವ್ಳು. ಗಂಡ ಉಪ್ಪು ಹೆಚ್ಚಾಯ್ತು, ಕಮ್ಮಿಯಾಯ್ತು ಅಂತ ಗೊಣಗ್ದೆ ಉಂಡೆದ್ರೆ ಯಾವ ಹೆಂಡ್ತಿಗೆ ಗೊತ್ತಾಗಲ್ಲ?’

ಅಷ್ಟು ಪರೀಕ್ಷೆ ಬರೆದು ಕೆಲಸ ಹಿಡಿದವಳಿಗೆ ಇದು ಹೊಳೆದಿರಲಿಲ್ಲ. ಸೋಮವಾರ ಮಾವ ಚಹಾ ಅಂಗಡಿಯಲ್ಲಿ ಕೂತ ಹೊತ್ತು ನೋಡಿ ಅವರ ಮನೆಗೆ ಹೋದೆ. ಅತ್ತೆ ರಾಟೆ ತಿರುಗಿಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, ‘ನೀನು ಬೈಸ್ಕಂಡಿದ್ದು ಯಾತಕ್ಕೆ ಅಂತ ನಂಗೆ ಗೊತ್ತು ಕಣಮ್ಮ’ ಎಂದರು. ರಾಟೆ ನಿಲ್ಲಿಸಲಿಲ್ಲ.

‘ಅವ್ರು ಜ್ವರದಿಂದ ಎದ್ದ ಹೊಸದ್ರಾಗೆ ಒಂದಿನ ಸಾರಿಗೆ ಉಪ್ಪು ಹಾಕೋದೇ ಮರ್ತ್‌ಬುಟ್ಟಿದ್ದೆ. ಉಣ್ಣಕ್ಕೆ ಕೂತೋರು, ಇವತ್ತು ಸಾರು ಎಷ್ಟು ಚೆಂದಾಗೈತೆ ಅಂದ್ರು. ಮೂವತ್ತು ವರ್ಸದಾಗೆ ಒಂದಿನಾನೂ ನನ್ ಸಾರು ಚೆಂದಾಗೈತೆ ಅಂದೋರಲ್ಲ. ಅವತ್ತೇ ಗೊತ್ತಾಯ್ತು.’

ನನಗೆ ನಗು ಬಂತು, ಆಕೆಗೂ ಬಂತು, ನಗುತ್ತಲೇ ಇಬ್ಬರೂ ಕಣ್ಣೊರೆಸಿಕೊಂಡೆವು.

‘ಮತ್ತೆ ಯಾಕೆ ಸುಮ್ಮನಿದ್ದಿರಿ ಅತ್ತೆ?’

‘ಅವ್ರು ಬಚ್ಚಿಟ್ಟಿದ್ದನ್ನ ನಾನು ಹೆಂಗೆ ಎಳ್ದು ಹೊರಗೆ ಹಾಕ್ಲಿ? ಅವ್ರಾಗೇ ಹೇಳ್ತಾರೆ ಅಂತ ಕಾಯ್ತಾ ಇದೀನಿ.’ ಆಮೇಲೆ ರಾಟೆ ನಿಲ್ಲಿಸಿ ಕೇಳಿದರು: ‘ಆ ಮೋರಿ ಕೆಲ್ಸದೋನ ಕಾಲು ಹೆಂಗೈತೆ?’ ವಾಸಿಯಾಗುತ್ತಿದೆ ಎಂದೆ. ಆಕೆ ಎರಡು ದಿನಕ್ಕೊಮ್ಮೆ ಅವನಿಗೆ ಊಟ ಕಳಿಸುತ್ತಿದ್ದ ಸಂಗತಿ ನನಗೆ ಅವನಿಂದ ಆಮೇಲೆ ತಿಳಿಯಿತು.

ಮಾವ ಮೂರು ವಾರ ಬೀಗಿದರು, ಆಮೇಲೆ ದಾರಿಗೆ ಬಂದರು. ಹಿತ್ತಿಲಲ್ಲಿ ಎರಡನೆಯ ತೊಟ್ಟಿ ಕಟ್ಟಿಸಿ, ಸುಣ್ಣ ಹಾಕಿ ನೀರಿನ ಹುಳಿ ಮುರಿದು, ಬಣ್ಣ ತಳಕ್ಕಿಳಿದ ಮೇಲೆ ಬಿಡುವ ಏರ್ಪಾಡು ಮಾಡಿದರು. ಇನ್ನು ಮೇಲೆ ಅವರ ಪೈಪಿನಿಂದ ಬರುವುದು ಹೆಚ್ಚುಕಡಿಮೆ ತಿಳಿ ನೀರು. ಬೀದಿಯವರು ಗೋಡೆಗೆ ಗಡಿಯಾರ ಹಾಕಿಕೊಳ್ಳಬೇಕಾಯಿತು. ಹೊಸ ಸ್ಯಾಂಪಲ್ ಪಾಸಾಗಿ ಸಿಮೆಂಟು ಒಡೆಸಿದ್ದು ನನಗೆ ಕಲ್ಯಾಣದುರ್ಗಕ್ಕೆ ವರ್ಗವಾಗುವ ಹಿಂದಿನ ವಾರ. ನೀರೇನೋ ಸರಿಯಾಯಿತು. ಆದರೆ ತೊಟ್ಟಿಯಲ್ಲಿ ಬಣ್ಣ ಸರಿಯಾಗಿ ಹಿಡಿಯದಿದ್ದರೆ ನೂಲು ಯಾರು ಕೊಡುತ್ತಾರೆ? ಒಂದೇ ಒಂದು ಲಡಿ ಮತ್ತೆ ಮಚ್ಚೆಯಾದರೆ ಮಾವನ ಕಥೆ ಮುಗಿಯಿತು.

ಸಿಮೆಂಟು ಒಡೆಸಿದ ಮರುದಿನ ಬೆಳಿಗ್ಗೆ ನಾನು ಹೋದಾಗ ಇಬ್ಬರು ನೇಕಾರರು ತಮ್ಮ ನೂಲು ತಂದು ತೊಟ್ಟಿಯ ಪಕ್ಕದಲ್ಲೇ ನಿಂತಿದ್ದರು. ನಂಬಿಕೆ ಅರ್ಧ, ಅನುಮಾನ ಅರ್ಧ. ನೀರು ಕಾದಿತ್ತು, ಹಳದಿ ಪುಡಿ ಕರಗಿತ್ತು. ನಾನು ಕೊಟ್ಟ ಪುಸ್ತಕ ಮಾವನ ಅಂಗಿಯ ಜೇಬಿನಲ್ಲಿ ಉಬ್ಬಿಕೊಂಡು ಕಾಣುತ್ತಿತ್ತು. ಅವರು ಅದನ್ನು ತೆಗೆಯಲಿಲ್ಲ. ಒಂದಿಷ್ಟು ಆಸಿಡ್ ಹಾಕಿ ಕಲಕಿ, ಬೆರಳನ್ನು ತೊಟ್ಟಿಯ ಮೇಲೆ ಹಿಡಿದರು. ಬೆರಳು ಅಲ್ಲೇ ನಿಂತಿತು. ಕಾಗದ ತೆಗೆಯಿರಿ ಮಾವ ಎಂದು ಕೂಗಬೇಕೆನಿಸಿತು. ನೇಕಾರರ ಮುಂದೆ ಹಾಗೆಂದರೆ ಅವರ ಗುಟ್ಟು ರಟ್ಟಾಗುತ್ತಿತ್ತು.

ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಆ ಕೋಣೆಯ ಹೊಸ್ತಿಲು ದಾಟಿ ಬಂದರು. ಯಾರನ್ನೂ ಕೇಳಲಿಲ್ಲ. ಗಂಡನ ಪಕ್ಕದಲ್ಲಿ ನಿಂತು ತಮ್ಮ ಬೆರಳನ್ನು ತೊಟ್ಟಿಗೆ ಅದ್ದಿ ನಾಲಗೆಗಿಟ್ಟರು. ಮಾವ ನೀರಿನ ಕಡೆ ನೋಡಲಿಲ್ಲ. ಹೆಂಡತಿಯ ಮುಖವನ್ನು ನೋಡಿದರು. ಹುಳಿಗೆ ಆಕೆಯ ಎಡಗಣ್ಣು ಚೂರು ಕಿರಿದಾಯಿತು, ಕೆನ್ನೆ ಒಳಗೆ ಎಳೆದುಕೊಂಡಿತು. ಮಾವ ಆ ಮುಖದಲ್ಲಿ ಏನೋ ಓದುತ್ತಿರುವವರಂತೆ ತುಂಬ ಹೊತ್ತು ನೋಡಿ, ಚೊಂಬಿನಲ್ಲಿ ತಣ್ಣೀರು ತೆಗೆದು ತೊಟ್ಟಿಗೆ ಸುರಿದರು. ಅತ್ತೆ ಬಾಯಿ ಮುಕ್ಕಳಿಸಿ ಮತ್ತೆ ಬೆರಳು ಅದ್ದಿದರು. ಈ ಸಲ ಮುಖ ಸಲೀಸಾಗಿತ್ತು.

‘ಸರಿ ಐತೆ’ ಎಂದರು ಮಾವ, ಹೆಂಡತಿ ಏನೂ ಹೇಳದಿದ್ದರೂ. ಆಮೇಲೆ ಕೋಲಿನ ಒಂದು ತುದಿಯನ್ನು ಆಕೆಯ ಕೈಗೆ ಕೊಟ್ಟು, ‘ಹಿಡ್ಕೊ’ ಎಂದರು. ಲಡಿಗಳು ಹಳದಿಯಾಗಿ ಮೇಲೆದ್ದವು.